ಬಿಡ್ತು ಅಂದದ್ದಕ್ಕೆ ಬಿಟ್ಟುಹೋದ ವಾರಂಟಿ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದಲ್ಲಿಂದ ನನಗೊಂದು ಚಟ ಹಿಡಿದಿದೆ. ಇವರು, ಅಂದರೆ ನನ್ನ ಗಂಡ, ಚಪ್ಪಲಿ ಮೆಟ್ಟಿಕೊಂಡು ಹೊರಡುವ ಹೊತ್ತಿಗೆ ನಾನು ಅಡುಗೆಮನೆಯಿಂದ ಓಡಿಬಂದು ಅವರ ಹೆಗಲ ಚೀಲವನ್ನು ಒಮ್ಮೆ ಎತ್ತಿ ನೋಡುತ್ತೇನೆ. ಎತ್ತಿದರೆ ಏನೂ ಗೊತ್ತಾಗುವುದಿಲ್ಲ. ಒಳಗೆ ಅದು ಉಂಟೋ ಇಲ್ಲವೋ ಎನ್ನುವಷ್ಟು ಹಗುರ. ಆಮೇಲೆ ಜಿಪ್ ಎಳೆದು, ಕೈ ಹಾಕಿ, ಮುಟ್ಟಿ ನೋಡುತ್ತೇನೆ. ತಣ್ಣಗೆ ತಾಗಿದ ಮೇಲೆ ಸಮಾಧಾನ. ಅವರು ಗೇಟು ದಾಟುವಷ್ಟರಲ್ಲಿ ಜಿಪ್ ಪೂರ್ತಿ ಹಾಕಿದೆನೋ ಇಲ್ಲವೋ ಎಂಬ ಇನ್ನೊಂದು ಚಿಂತೆ ಹುಟ್ಟುತ್ತದೆ, ಕೂಗಿ ನಿಲ್ಲಿಸುತ್ತೇನೆ. ಹೊರಟವರನ್ನು ಹಿಂದಿನಿಂದ ಕರೆಯಬಾರದು ಅಂತ ನಮ್ಮಮ್ಮ ಹೇಳುತ್ತಿದ್ದದ್ದು ಕರೆದಾದ ಮೇಲೆ ನೆನಪಾಗುತ್ತದೆ. ಹೀಗೆ ಒಂದು ಚಿಂತೆ ಕಳೆಯಲು ಹೋಗಿ ಎರಡು ಮಾಡಿಕೊಂಡು ನಾನು ಶಾಲೆಗೆ ಹೊರಡುತ್ತೇನೆ.

ಹಳೆಯ ಲ್ಯಾಪ್‌ಟಾಪಿಗೆ ಈ ರಗಳೆ ಇರಲಿಲ್ಲ. ಅದು ಚೀಲದಲ್ಲಿ ಉಂಟಾ ಅಂತ ತಿಳಿಯಲು ಇವರ ಎಡಭುಜ ನೋಡಿದರೆ ಸಾಕಿತ್ತು, ಒಂದು ಕಡೆಗೆ ವಾಲಿರುತ್ತಿತ್ತು. ಅದರ ಚಾರ್ಜರೇ ಒಂದು ಇಟ್ಟಿಗೆಯಷ್ಟಿತ್ತು. ಅದರೊಟ್ಟಿಗೆ ಇವರ ವಯರುಗಳು, ಸಣ್ಣ ಸಣ್ಣ ಬ್ಯಾಟರಿಯ ಡಬ್ಬಿಗಳು, ಹತ್ತಿ, ಸ್ಪಿರಿಟಿನ ಬಾಟ್ಲಿ, ನಾನು ಕಟ್ಟಿಕೊಟ್ಟ ಬುತ್ತಿ. ಇಷ್ಟನ್ನೂ ಹೊತ್ತು ಮನುಷ್ಯ ವಾರಕ್ಕೆ ಎರಡು ಊರು ಸುತ್ತುವುದು.

ಇವರ ಕೆಲಸ ಎಂತದ್ದು ಅಂತ ಹೇಳದಿದ್ದರೆ ನಿಮಗೆ ಲ್ಯಾಪ್‌ಟಾಪಿನ ಕಥೆ ಅರ್ಥವಾಗಲಿಕ್ಕಿಲ್ಲ. ಇವರು ಕಿವಿ ಕೇಳದವರಿಗೆ ಮಿಷನ್ ಹಾಕಿಕೊಡುವವರು. ನಾವಿರುವುದು ಪುತ್ತೂರಿನಲ್ಲಿ. ಮಂಗಳವಾರ ಕಡಬ, ಗುರುವಾರ ಸುಳ್ಯ, ತಿಂಗಳಿಗೊಮ್ಮೆ ಕಲ್ಲುಗುಂಡಿ. ಎಲ್ಲ ಕಡೆಯೂ ಯಾವುದಾದರೊಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆ. ಬಾಯಿಗೆ ಅಡ್ಡವಾಗಿ ಒಂದು ರಟ್ಟು ಹಿಡಿದು 'ಮರ', 'ಹಾಲು', 'ಕೊಡೆ' ಅಂತ ಮೆಲ್ಲ ಹೇಳಿ, ಕೇಳಿದ್ದನ್ನು ತಿರುಗಿ ಹೇಳಿಸಿ, ಆಮೇಲೆ ಆ ಮಿಷನನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಯಾವ ಸ್ವರ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಅಂತ ಸರಿಮಾಡುತ್ತಾರೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಇವರ ಕೈ ಕಟ್ಟಿದ ಹಾಗೆಯೇ.

ಹೋದ ವರ್ಷ ಕಡಬದ ಬಸ್ ಸ್ಟ್ಯಾಂಡಿನಲ್ಲಿ ಆ ಚೀಲ ಹೊತ್ತು ಬಸ್ಸು ಹತ್ತುವಾಗ ಇವರಿಗೆ ಎದೆ ಹಿಡಿದುಕೊಂಡಿತು. ಕಂಡಕ್ಟರು ಪುಣ್ಯಾತ್ಮ, ಕೂರಿಸಿ, ನೀರು ಕೊಟ್ಟು, ರಿಕ್ಷಾ ಮಾಡಿಸಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಮಂಗಳೂರು, ಮಂಗಳೂರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟಂಟ್. ಸ್ಟೆಂಟನ್ನು ನಮ್ಮ ಕಡೆ ಎಲ್ಲರೂ ಹಾಗೇ ಕರೆಯುವುದು. ನಿಮ್ಮ ಯಜಮಾನ್ರಿಗೆ ಸ್ಟಂಟ್ ಹಾಕಿದ್ದಂತೆ ಹೌದಾ ಅಂತ ಯಾರಾದರೂ ಕೇಳಿದರೆ ನಾನು ಸರ್ಕಸ್ಸಿನವನ ಹೆಂಡತಿಯ ಹಾಗೆ ತಲೆಯಾಡಿಸುತ್ತಿದ್ದೆ. ಕೆಲಸಕ್ಕೆ ಹೋಗಬಹುದು, ನಡೆಯಬಹುದು, ಭಾರ ಮಾತ್ರ ಹೊರಬಾರದು ಅಂತ ಡಾಕ್ಟರು ಹೇಳಿದರು. ಹಗುರದ ಲ್ಯಾಪ್‌ಟಾಪ್ ತರಲೇಬೇಕು ಅಂತ ತೀರ್ಮಾನವಾದದ್ದು ಹೀಗೆ.

ನನ್ನನ್ನು ಕೊರೆಯುತ್ತಿದ್ದದ್ದು ಲ್ಯಾಪ್‌ಟಾಪಿನ ಭಾರ ಮಾತ್ರ ಅಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಎಲ್ಲವನ್ನೂ ಸಣ್ಣದು ತರಲು ಶುರುಮಾಡಿದರು. ಮೊದಲು ದೊಡ್ಡ ಪೇಸ್ಟು ತರುತ್ತಿದ್ದವರು ಪ್ರವಾಸಕ್ಕೆ ಹೋಗುವವರು ಕೊಳ್ಳುವಂಥ ಬೆರಳುದ್ದದ ಟ್ಯೂಬು ತಂದರು. ಮೊಬೈಲಿಗೆ ವರ್ಷಕ್ಕೊಮ್ಮೆ ರೀಚಾರ್ಜ್ ಮಾಡಿ ಮರೆತುಬಿಡುತ್ತಿದ್ದವರು ತಿಂಗಳು ತಿಂಗಳು ಮಾಡತೊಡಗಿದರು. ಚಪ್ಪಲಿ ಹರಿದಾಗ ಹೊಸತು ಎಂತಕ್ಕೆ, ಇದಕ್ಕೇ ಹೊಲಿಗೆ ಹಾಕಿಸುವ ಅಂದರು. ಒಂದು ಕೊಡೆ ಕೊಂಡರೆ ಇದು ಇನ್ನು ಹತ್ತು ಮಳೆಗಾಲಕ್ಕೆ ಸಾಕು ಅಂತ ಬಿಡಿಸಿ, ಮಡಚಿ, ಜಂಬ ಮಾಡುತ್ತಿದ್ದ ಜನ ಇವರು. ಮುಂದಿನ ದಿನಗಳ ಲೆಕ್ಕದಲ್ಲಿ ಇವರು ತಮ್ಮನ್ನು ಸೇರಿಸಿಕೊಳ್ಳುತ್ತಿಲ್ಲ ಅನ್ನುವುದು ಆ ಸಣ್ಣ ಪೇಸ್ಟಿನ ಟ್ಯೂಬು ನೋಡಿಯೇ ನನಗೆ ತಿಳಿಯಿತು. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಬೇಕಾದರೆ ಹೇಳಬಾರದ ಮಾತನ್ನು ಹೇಳಬೇಕು. ಅದು ನನ್ನ ಬಾಯಿಗೆ ಬರುವುದಿಲ್ಲ.

ಯಾಕೆ ಬರುವುದಿಲ್ಲ ಅಂದರೆ ಸ್ವಲ್ಪ ಹಿಂದಕ್ಕೆ, ನೆಟ್ಟಣದ ರೈಲ್ವೆ ಕ್ವಾರ್ಟರ್ಸಿಗೆ ಹೋಗಬೇಕು. ಅಪ್ಪ ಸುಳ್ಯದ ಕಡೆಯವರು, ರೈಲ್ವೆಯಲ್ಲಿ ಗ್ಯಾಂಗ್‌ಮ್ಯಾನ್. ಅಮ್ಮ ಘಟ್ಟದ ಮೇಲಿನವರು, ಸಕಲೇಶಪುರದ ಕಡೆ. ಅಪ್ಪ ಮಾತಾಡುವುದು ಅರೆಭಾಷೆ, ಅಮ್ಮನದ್ದು ಘಟ್ಟದ ಕನ್ನಡ, ಪಕ್ಕದ ಮನೆಯವರದ್ದು ತುಳು. ಅಮ್ಮ ಮದುವೆಯಾಗಿ ಘಟ್ಟ ಇಳಿಯುವಾಗ ಟ್ರಂಕಿನ ಜೊತೆ ತಂದ ಒಂದು ಮಾತು 'ಬಿಡ್ತು ಅನ್ನು'. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಯಾರಾದರೂ ಅಪಶಕುನದ ಮಾತಾಡಿದರೆ ಕೂಡಲೇ ಹೀಗನ್ನಬೇಕು. ಆಡಿದವರು 'ಬಿಡ್ತು' ಅನ್ನಬೇಕು. ಅಷ್ಟಾದರೆ ಆಡಿದ ಮಾತು ಅಲ್ಲಿಗೇ ಬಿಟ್ಟುಹೋಗುತ್ತದೆ, ಯಾರಿಗೂ ತಟ್ಟುವುದಿಲ್ಲ. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಬೇರೆ ಯಾರೂ ಹೀಗೆ ಹೇಳುವುದನ್ನು ನಾನು ಕೇಳಲಿಲ್ಲ.

ಮಳೆಗಾಲದಲ್ಲಿ ಅಪ್ಪನಿಗೆ ಘಟ್ಟದ ಹಳಿಯ ಮೇಲೆ ನಡೆಯುವ ಕೆಲಸ. ಎಲ್ಲಿ ಗುಡ್ಡ ಜರಿದಿದೆ, ಎಲ್ಲಿ ಬಂಡೆ ಬಂದು ಕೂತಿದೆ ಅಂತ ರೈಲಿಗಿಂತ ಮೊದಲು ಹೋಗಿ ನೋಡಿ ಬರುವುದು. ಕಂಬಳಿ ಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ಅಪ್ಪ ಹೊರಟರೆಂದರೆ ಮನೆಯಲ್ಲಿ ಅಮ್ಮನ ಕಾನೂನು ಜಾರಿಗೆ ಬರುತ್ತಿತ್ತು. 'ಬೀಳು' ಎಂಬ ಶಬ್ದವನ್ನು ಯಾರೂ ಆಡಬಾರದು. ಕೈಯಿಂದ ಲೋಟ ಜಾರಿದರೆ 'ಲೋಟ ಕೆಳಗೆ ಕೂತಿತು' ಅನ್ನಬೇಕು. ಹಲಸಿನ ಹಣ್ಣು ಮರದಿಂದ ಇಳಿಯುತ್ತಿತ್ತು. ಮಳೆ ಬರುತ್ತಿತ್ತು, ಬೀಳುತ್ತಿರಲಿಲ್ಲ. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಿತು, ದೀಪ ಆರಿಸುವುದಾದರೆ ದೀಪ ದೊಡ್ಡದು ಮಾಡು, ಇವೆಲ್ಲ ಹನ್ನೆರಡು ತಿಂಗಳೂ ಇದ್ದದ್ದೇ. ಬೀಳುವುದರ ನಿಷೇಧ ಮಾತ್ರ ಜೂನಿನಿಂದ ಸೆಪ್ಟೆಂಬರಿನವರೆಗೆ.

ಇದರಿಂದ ನನಗೆ ಶಾಲೆಯಲ್ಲಿ ಪೆಟ್ಟು ಬಿದ್ದದ್ದುಂಟು. ಭೂಮಿಯ ಗುರುತ್ವಾಕರ್ಷಣೆಯ ಪಾಠದಲ್ಲಿ ಆ ವಿಜ್ಞಾನಿಯ ತಲೆಯ ಮೇಲೆ ಸೇಬು ಬಿದ್ದ ಕಥೆಯನ್ನು ಬರೆಯಿರಿ ಅಂದದ್ದಕ್ಕೆ, ಜುಲೈ ತಿಂಗಳಾದ್ದರಿಂದ, ನಾನು 'ಸೇಬು ಮರದಿಂದ ಇಳಿದು ಬಂದು ಅವರ ತಲೆಯ ಮೇಲೆ ಕೂತಿತು' ಅಂತ ಬರೆದೆ. ಮಾಸ್ಟ್ರು ಇಡೀ ತರಗತಿಗೆ ಓದಿ ಹೇಳಿದರು. ಸೇಬಿಗೆ ಕಾಲುಂಟಾ ಅಂತ ಕೇಳಿದರು. ಮನೆಯಲ್ಲಿ ಹೇಳಿದರೆ ಅಮ್ಮ ನಾನು ಬರೆದದ್ದೇ ಸರಿ ಅಂದರು. ಈಗ ನಾನೇ ಟೀಚರು. ಮಕ್ಕಳು 'ಟೀಚರ್, ಪೆನ್ಸಿಲ್ ಬಿತ್ತು' ಅಂದರೆ ಮಳೆಗಾಲದಲ್ಲಿ ಇವತ್ತಿಗೂ ನನ್ನ ಎದೆ ಸಣ್ಣಗೆ ಹೊಡೆದುಕೊಳ್ಳುತ್ತದೆ.

ನೀವು ನಗಬಹುದು. ಆದರೆ ಒಂದು ಮಾತು ಕೇಳಿ. ಅಷ್ಟೂ ಮಳೆಗಾಲ ಅಪ್ಪ ಆ ಹಳಿಯ ಮೇಲೆ ನಡೆದರು, ಒಂದು ಕಲ್ಲೂ ಅವರ ಮೈಗೆ ತಾಗಲಿಲ್ಲ. ನಿವೃತ್ತಿಯಾಗಿ, ಪೆನ್ಶನ್ ತಿಂದು, ಮೊಮ್ಮಕ್ಕಳಿಗೆ ಬೈದು, ತಮ್ಮ ಮಂಚದ ಮೇಲೆಯೇ ಹೋದರು. ಅಮ್ಮನ ಕಾನೂನಿನಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಅಲ್ಲ ಅಂತ ಹೇಳುವ ಧೈರ್ಯವೂ ನನಗಿಲ್ಲ.

ಇಂಥವಳು ಪುತ್ತೂರಿನ ಒಂದು ದೊಡ್ಡ ಅಂಗಡಿಗೆ ಗಂಡನನ್ನು ಕರೆದುಕೊಂಡು ಲ್ಯಾಪ್‌ಟಾಪ್ ತರಲು ಹೋದೆ. ಅಲ್ಲಿ ಸೌಮ್ಯ ಅಂತ ಒಬ್ಬಳು ಹುಡುಗಿ, ಚುರುಕು, ಬಾಯಿ ತುಂಬ ಮೇಡಂ ಮೇಡಂ ಅನ್ನುವವಳು. ನಾವು ನೋಡಿದ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಹಿಡಿದು ಹಪ್ಪಳ ಎತ್ತಿದ ಹಾಗೆ ಎತ್ತಿ ತೋರಿಸಿದಳು. ನನಗೆ ಜೀವ ಬಾಯಿಗೆ ಬಂತು. ಚೀಲದೊಳಗೆ ಹಾಕಿ ಇವರ ಭುಜಕ್ಕೆ ತೂಗಿಹಾಕಿದಳು. ಇವರು ಅಂಗಡಿಯೊಳಗೇ ಆಚೆ ಈಚೆ ನಡೆದು, ಇದರಲ್ಲಿ ಎಂತದೂ ಇಲ್ಲವಲ್ಲ ಅಂದರು. ಅಲ್ಲಿಗೆ ಲ್ಯಾಪ್‌ಟಾಪ್ ನಿಶ್ಚಯವಾಯಿತು.

ಆಮೇಲೆ ವಾರಂಟಿಯ ಪ್ರಶ್ನೆ ಬಂತು. ಕಂಪೆನಿಯದ್ದು ಒಂದು ವರ್ಷ. ಮೇಲೆ ಸ್ವಲ್ಪ ಕೊಟ್ಟರೆ ಅದು ಮೂರು ವರ್ಷಕ್ಕೆ ಏರುತ್ತದಂತೆ, ನಮ್ಮ ಕೈಯಿಂದ ಆಗುವ ತೊಂದರೆಗಳಿಗೂ ಸೇರಿ. ಮೂರು ವರ್ಷ ಅಂದ ಕೂಡಲೇ ನನ್ನ ಮನಸ್ಸಿಗೆ ಅದು ಹಿಡಿಸಿಬಿಟ್ಟಿತು. ಲ್ಯಾಪ್‌ಟಾಪಿನ ಮೇಲಿನ ಪ್ರೀತಿಯಿಂದ ಅಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಮೊದಲ ಸಲ ಮೂರು ವರ್ಷ ಬಾಳುವ ಒಂದು ವಸ್ತು ತಂದ ಹಾಗಾಗುತ್ತದೆ, ಅದಕ್ಕೆ. ಮೂರು ವರ್ಷದ್ದೇ ಹಾಕು ಅಂತ ನಾನು ಸೌಮ್ಯನಿಗೆ ಹೇಳಿದೆ.

ಅವಳು ಸುಮ್ಮನೆ ಹಾಕಿಬಿಡಬಹುದಿತ್ತು. ಆದರೆ ಯಾವುದಕ್ಕೆಲ್ಲ ಸಿಗುತ್ತದೆ ಅಂತ ವಿವರಿಸಿ ಹೇಳಬೇಕು ಅಂತ ಅವರಿಗೆ ಕಲಿಸಿರುತ್ತಾರೆ ಕಾಣಬೇಕು. ಇನ್ನೂ ಬಿಲ್ಲೂ ಆಗದ ಹೊಸ ವಸ್ತುವಿನ ಮುಂದೆ ನಿಂತು ಶುರುಮಾಡಿದಳು. ಮೇಡಂ, ಕೈಯಿಂದ ಬಿದ್ದರೆ. ಬಿಡ್ತು ಅನ್ನಮ್ಮ, ಅಂದೆ. ಸ್ಕ್ರೀನ್ ಒಡೆದರೆ. ಬಿಡ್ತು ಅನ್ನು. ಚಾ ಚೆಲ್ಲಿ ಒಳಗೆ ಹೋದರೆ, ಸಿಡಿಲಿಗೆ ಕರೆಂಟ್ ಜಾಸ್ತಿ ಬಂದು ಸುಟ್ಟುಹೋದರೆ. ಬಿಡ್ತು, ಬಿಡ್ತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಇವರ ಕಡೆ ತಿರುಗಿ, ಸರ್ ನೀವೆಂತ ಹೇಳ್ತೀರಿ ಅಂತ ಕೇಳಿದಳು.

ಇವರು ನಕ್ಕರು. "ಮೂರು ವರ್ಷ ಯಾರು ಕಂಡದ್ದು ಮಾರಾಯ್ತಿ? ಒಂದು ವರ್ಷದ್ದು ಉಂಟಲ್ಲ, ಅಷ್ಟು ಸಾಕು," ಅಂದರು.

ನನಗೆ ಕಾಲಿನ ಅಡಿಯಿಂದ ನೆತ್ತಿಯವರೆಗೆ ಉರಿಯಿತು. ಸಿಟ್ಟೋ, ಹೆದರಿಕೆಯೋ, ಎರಡೂ ಒಟ್ಟಿಗೋ ಗೊತ್ತಿಲ್ಲ. ಅದೂ ಹೊಸ ವಸ್ತುವಿನ ಎದುರು, ಅದೂ ನಗುತ್ತಾ. ಬಿಡ್ತು ಅನ್ನಿ ಅಂತ ನಾನು ಎಷ್ಟು ಜೋರಾಗಿ ಹೇಳಿದೆನೆಂದರೆ, ಆಚೆ ಬದಿಯಲ್ಲಿ ಮಿಕ್ಸಿ ನೋಡುತ್ತಿದ್ದವರು ಮಿಕ್ಸಿ ಬಿಟ್ಟು ನನ್ನನ್ನು ನೋಡಿದರು. ಇವರು 'ಬಿಡ್ತು' ಅನ್ನಲಿಲ್ಲ. ಮೂವತ್ತು ವರ್ಷದಿಂದ ನನ್ನೊಟ್ಟಿಗಿದ್ದರೂ ಪುತ್ತೂರಿನ ಈ ತುಳುವರಿಗೆ ಆ ಮಾತು ಬಾಯಿಗೆ ಹತ್ತಲೇ ಇಲ್ಲ. ಸೌಮ್ಯ ಮಾತ್ರ ಮೆತ್ತಗೆ "ಆಯ್ತು ಮೇಡಂ" ಅಂದಳು.

ಆ 'ಆಯ್ತು' ನನಗೆ ಅಂತ ನಾನು ತಿಳಿದುಕೊಂಡೆ. ತಮಗೆ ಅಂತ ಇವರು ತಿಳಿದುಕೊಂಡರು. ಮನೆಗೆ ಬಂದು ಲ್ಯಾಪ್‌ಟಾಪನ್ನು ದೇವರ ಮುಂದೆ ಇಟ್ಟೆವು. ಮೇಲೆ ಒಂದು ದಾಸವಾಳ ಇಟ್ಟೆ. ಹೂವಿನ ನೀರು ಒಳಗೆ ಹೋದರೆ ಅಂತ ಹೆದರಿ ಕೂಡಲೇ ತೆಗೆದೆ.

ವಾರ ಕಳೆದರೂ ಮೂರು ವರ್ಷದ ಕಾರ್ಡು ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. ಸೌಮ್ಯನೇ ಸಿಕ್ಕಿದಳು. ಅವಳಿಗೆ ಆಶ್ಚರ್ಯ. ನೀವೇ ಬಿಡಿ ಬಿಡಿ ಅಂದದ್ದಲ್ವಾ ಮೇಡಂ, ನಾನು ಹೇಳಿದ್ದಕ್ಕೆಲ್ಲ ಬಿಡಿ ಅಂದ್ರಿ, ಕಡೆಗೆ ಸ್ವಲ್ಪ ಸಿಟ್ಟಲ್ಲಿ ಸಹ ಅಂದ್ರಿ, ಸರ್ ಬೇರೆ ಒಂದು ವರ್ಷ ಸಾಕು ಅಂದ್ರು, ಹಾಗೆ ನಾನು ಬಿಟ್ಟೆ, ಅಂದಳು. ತಪ್ಪು ಅವಳದ್ದಲ್ಲ. ಅಮ್ಮನ ಮಾತು ಘಟ್ಟದಿಂದ ನೆಟ್ಟಣದವರೆಗೆ ಇಳಿದಿತ್ತು. ಪುತ್ತೂರಿನ ಅಂಗಡಿಯ ಕೌಂಟರಿನವರೆಗೆ ಅದು ಬಂದಿರಲಿಲ್ಲ. ಗಂಡಾಂತರವನ್ನು ಬಿಡಿಸಲು ಹೋಗಿ ನಾನು ವಾರಂಟಿಯನ್ನೇ ಬಿಡಿಸಿಕೊಂಡಿದ್ದೆ.

ಒಂದು ತಿಂಗಳೊಳಗೆ ಸೇರಿಸಲಿಕ್ಕೆ ಆಗ್ತದೆ ಮೇಡಂ, ಹೆದರಬೇಡಿ, ಅಂದಳು. ನಾನು ಈಗಲೇ ಬರುತ್ತೇನೆ ಅಂದೆ. ನೀವು ಬಂದರೆ ಆಗುದಿಲ್ಲ ಅಂದಳು. ಲ್ಯಾಪ್‌ಟಾಪ್ ಇವರ ಹೆಸರಿನಲ್ಲಿ. ಆ ಮೂರು ವರ್ಷದ್ದು ಉಪಯೋಗಿಸುವವರ ಹೆಸರಿಗೇ ಮಾತ್ರ, ನಡುವಿನಲ್ಲಿ ಬೇರೆಯವರ ಹೆಸರಿಗೆ ತಿರುಗಿಸಲು ಆಗುವುದಿಲ್ಲವಂತೆ. ಹಾಗಾಗಿ ಅಂಗಡಿಯಿಂದ ಇವರಿಗೇ ಫೋನ್ ಮಾಡಿ, ಮೂರು ವರ್ಷ ಉಪಯೋಗಿಸುವವರು ಯಾರು ಅಂತ ಕೇಳುತ್ತಾರೆ. ಇವರೇ ಬಾಯಿಬಿಟ್ಟು ಹೇಳಬೇಕು. ಅದು ರೆಕಾರ್ಡ್ ಆಗುತ್ತದೆ.

ನಾನು ಫೋನ್ ಇಟ್ಟೆ. ಗುಟ್ಟಾಗಿ ಮಾಡಿಬಿಡುವ ದಾರಿ ಅಲ್ಲಿಗೆ ಮುಚ್ಚಿತು. ಮೂರು ವರ್ಷ ನಾನಿರುತ್ತೇನೆ ಅಂತ ಇವರೇ ಹೇಳಬೇಕು. ಅದೇ ಮಾತು ನನಗೆ ಬೇಕಾಗಿದ್ದದ್ದು, ಅದೇ ಮಾತನ್ನು ಇವರು ಅಂಗಡಿಯಲ್ಲಿ ನಕ್ಕು ತಳ್ಳಿಹಾಕಿದ್ದು. ಇನ್ನು ಅದನ್ನು ಇವರ ಬಾಯಿಂದ ಹೊರಡಿಸುವುದು ಹೇಗೆ?

ಅವತ್ತು ಸಂಜೆ ಚಾ ಕೊಟ್ಟು ಮೆಲ್ಲ ಸುದ್ದಿ ತೆಗೆದೆ. ವಾರಂಟಿ ಮೂರು ವರ್ಷಕ್ಕೆ ಮಾಡಿಸುವಾ ಅಂತ ಕೇಳಿದೆ. ನೋಡುವ, ಅಂದರು. ನಮ್ಮ ಊರಿನ 'ನೋಡುವ' ಎಂತದ್ದು ಅಂತ ನಿಮಗೆ ಗೊತ್ತುಂಟಲ್ಲ. ಸಾಲ ಕೇಳಿದರೂ ನೋಡುವ, ಹೆಣ್ಣು ಕೇಳಿದರೂ ನೋಡುವ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ, ವರ್ಷಗಟ್ಟಲೆ ನೋಡುತ್ತಾ ಇರಬಹುದು. ನಾನು ಬಿಡಲಿಲ್ಲ. ಅಲ್ಲ, ಎಲ್ಲಿಯಾದರೂ ಹಾಗೆ ಹೀಗೆ ಏನಾದರೂ ಆದರೆ ಅಂದೆ. ಹೇಗೆ, ಅಂತ ಕೇಳಿದರು. ಹಾಗೆ, ಅಂದೆ. ಹಾಗೆ ಅಂದರೆ ಹೇಗೆ ಹೇಮಾ, ಅಂದರು. ನಾನು ಎದ್ದು ಲೋಟ ತೊಳೆಯಲು ಹೋದೆ. ಆಗಬಾರದ್ದರ ಒಂದು ಹೆಸರನ್ನೂ ಎತ್ತದೆ ಒಬ್ಬರಿಂದ ವಾರಂಟಿ ಮಾಡಿಸುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದರೇ ಗೊತ್ತು.

ದಿನಗಳು ಸರಿಯುತ್ತಿದ್ದವು. ಒಂದು ಗುರುವಾರ ಸುಳ್ಯಕ್ಕೆ ಹೋದವರು ಫೋನ್ ಎತ್ತಲಿಲ್ಲ. ನಾನು ತರಗತಿಯಲ್ಲಿ ಮಕ್ಕಳಿಗೆ ಚಿತ್ರ ಬಿಡಿಸಲು ಹೇಳಿ ವರಾಂಡದಲ್ಲಿ ನಿಂತು ಮತ್ತೆ ಮತ್ತೆ ಮಾಡಿದೆ. ಕಡೆಗೆ ಕನ್ನಡಕದ ಅಂಗಡಿಗೇ ಮಾಡಿದರೆ, ಅವರು ಒಳಗೆ ಒಬ್ಬರಿಗೆ ಕಿವಿ ನೋಡ್ತಾ ಇದ್ದಾರೆ, ಫೋನ್ ಸೈಲೆಂಟಲ್ಲಿ ಇಟ್ಟಿದ್ದಾರೆ ಅಂದರು. ಅದು ನನಗೂ ಗೊತ್ತಿದ್ದ ವಿಷಯವೇ. ಪರೀಕ್ಷೆ ಮಾಡುವಾಗ ಇವರು ಯಾವಾಗಲೂ ಹಾಗೇ ಇಡುವುದು. ತಿರುಗಿ ತರಗತಿಗೆ ಹೋಗಿ ನೋಡಿದರೆ ಒಬ್ಬಳು ನನ್ನ ಚಿತ್ರ ಬಿಡಿಸಿದ್ದಳು, ಕಿವಿಗೆ ಫೋನ್ ಹಿಡಿದು ಬಾಗಿಲಲ್ಲಿ ನಿಂತದ್ದು. ಚೆನ್ನಾಗಿದೆ ಅಂತ ಬರೆದುಕೊಟ್ಟೆ.

ಮತ್ತೊಂದು ಮಂಗಳವಾರ ಜೋರು ಮಳೆಗೆ ಶಾಲೆಗಳಿಗೆಲ್ಲ ರಜೆ ಸಿಕ್ಕಿತು. ಇವರಿಗೆ ರಜೆ ಇಲ್ಲ, ಕಡಬದಲ್ಲಿ ಜನ ಕಾಯುತ್ತಾರೆ. ನಾನೂ ಬರುತ್ತೇನೆ ಅಂದೆ. ಎಂತಕ್ಕೆ ಅಂದರು. ಮನೆಯಲ್ಲಿ ಕೂತು ಎಂತ ಮಾಡುದು ಅಂದೆ. ನಿಜ ಹೇಳಬೇಕಾದರೆ ಆ ಬಸ್ ಸ್ಟ್ಯಾಂಡು ಇವರಿಗೆ ಎದೆ ಹಿಡಿದುಕೊಂಡ ಜಾಗ, ಮಳೆಗೆ ಇವರನ್ನು ಒಬ್ಬರೇ ಅಲ್ಲಿಗೆ ಕಳಿಸಲು ನನಗೆ ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಣಂತಿ ಮಗುವನ್ನು ಹಿಡಿದುಕೊಂಡ ಹಾಗೆ ಮಡಿಲಲ್ಲಿ ಇಟ್ಟುಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು ಒಳಗೆಂತ ಬೆಣ್ಣೆಯಾ ಅಂತ ಕೇಳಿದರು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ ಮೊದಲು ಬಂದದ್ದು ಒಬ್ಬರು ಅಜ್ಜಿ, ಸೊಸೆಯ ಜೊತೆ. ಎಂಬತ್ತು ದಾಟಿ ತುಂಬ ವರ್ಷವಾಗಿದೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಬೆನ್ನು ಪೂರ್ತಿ ಬಾಗಿದೆ, ಕಣ್ಣು ಮಾತ್ರ ಚುರುಕು. ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ಇವರು ರಟ್ಟು ಅಡ್ಡ ಹಿಡಿದು ತುಳುವಿನಲ್ಲಿ ಒಂದೊಂದೇ ಶಬ್ದ ಹೇಳಿದರು, ಅಜ್ಜಿ ಅರ್ಧ ಸರಿ ಅರ್ಧ ತಪ್ಪು ಹೇಳಿದರು, ತಪ್ಪಿದ್ದಕ್ಕೆಲ್ಲ ಇವರ ಮೇಲೆಯೇ ಗದರಿದರು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಮಿಷನ್ ಜೋಡಿಸಿ, ಏನೇನೋ ಏರಿಸಿ ಇಳಿಸಿ ಅಜ್ಜಿಯ ಕಿವಿಗೆ ಹಾಕಿದರು. ಅಜ್ಜಿ ಒಮ್ಮೆಲೇ ತಲೆ ಎತ್ತಿ ಮೇಲಿನ ಮಾಡಿನ ಶೀಟು ನೋಡಿದರು. ಅದೆಂತ ಶಬ್ದ ಅಂತ ಕೇಳಿದರು. ಮಳೆ ಅಜ್ಜಿ, ಶೀಟಿನ ಮೇಲೆ, ಅಂದರು ಇವರು. ಇಷ್ಟು ಜೋರು ಮಳೆ ಉಂಟಾ, ನನಗೆ ಯಾರೂ ಹೇಳಲೇ ಇಲ್ಲ, ಅಂತ ಅಜ್ಜಿ ಸೊಸೆಯನ್ನು ದುರುಗುಟ್ಟಿ ನೋಡಿದರು.

ಆಮೇಲೆ ವ್ಯವಹಾರಕ್ಕೆ ಬಂದರು. ಇದು ಎಷ್ಟು ವರ್ಷ ಬರ್ತದೆ, ಅಂತ ಕೇಳಿದರು. ಒಂದು ಐದು ವರ್ಷಕ್ಕೆ ತೊಂದರೆ ಇಲ್ಲ ಅಜ್ಜಿ, ಅಂದರು ಇವರು, ಎಲ್ಲರಿಗೂ ಹೇಳುವ ಹಾಗೆ.

ಅಜ್ಜಿಯ ಮುಖ ಸಣ್ಣದಾಯಿತು. "ಐದೇ ವರ್ಷವಾ? ಅದರ ಮೇಲೆ ನಾನು ಎಂತ ಮಾಡುದು?" ಅಂದರು.

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ಉತ್ತರಕ್ಕೆ ಕಾದು ಇವರ ಮುಖವನ್ನೇ ನೋಡುತ್ತಿದ್ದರು. ಐದು ವರ್ಷದ ಆಚೆ ತಮ್ಮ ಕಿವಿಯ ಗತಿ ಏನು ಎಂಬ ನಿಜವಾದ ಚಿಂತೆ ಆ ಮುಖದಲ್ಲಿತ್ತು. ಇವರು ಏನು ಹೇಳುತ್ತಾರೋ ಅಂತ ನಾನೂ ಇವರ ಮುಖವನ್ನೇ ನೋಡಿದೆ.

"ಅದರ ಮೇಲೆ ನಾನು ಹೊಸತು ಹಾಕಿ ಕೊಡ್ತೇನೆ ಅಜ್ಜಿ," ಅಂದರು ಇವರು.

ನೀವೇ ಬರಬೇಕು, ಬೇರೆಯವರನ್ನು ಕಳಿಸಿದರೆ ನಾನು ಕಿವಿ ಕೊಡುವುದಿಲ್ಲ, ಅಂತ ಅಜ್ಜಿ ಷರತ್ತು ಹಾಕಿದರು. ಇವರು ಹೂಂ ಅಂದರು. ಹೂಂ ಅಂದು ಲ್ಯಾಪ್‌ಟಾಪಿನ ಕಡೆ ತಿರುಗಿದವರು ಕೈ ಆಡಿಸದೆ ಸ್ಕ್ರೀನ್ ನೋಡುತ್ತಾ ಕೂತರು. ತಮ್ಮ ಬಾಯಿಂದ ಎಂತ ಬಂತು ಅಂತ ತಾವೇ ಕೇಳಿಸಿಕೊಳ್ಳುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ.

ಬರುವಾಗಲೂ ಬಸ್ಸಿನಲ್ಲಿ ಚೀಲ ನನ್ನ ಮಡಿಲಲ್ಲೇ. ಕಿಟಕಿಯ ಶಟರ್ ಎಳೆದಿತ್ತು, ಒಳಗೆಲ್ಲ ಒದ್ದೆ ಕೊಡೆಗಳ ವಾಸನೆ. ಒಮ್ಮೆ ಇವರು ತಮ್ಮಷ್ಟಕ್ಕೆ ನಕ್ಕು, ಐದು ವರ್ಷ ಸಾಲದಂತೆ ಅವರಿಗೆ, ಅಂದರು. ನಾನು ಏನಾದರೂ ಹೇಳಿದರೆ ಎಲ್ಲಿ ಕೆಡುತ್ತದೋ ಅಂತ ಹೆದರಿ ವಾರಂಟಿಯ ಮಾತನ್ನೂ ಎತ್ತಲಿಲ್ಲ. ತಿಂಗಳು ಮುಗಿಯಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ, ಅದು ತಲೆಯೊಳಗೆ ಕೊರೆಯುತ್ತಲೇ ಇತ್ತು.

ಫೋನ್ ಬಂದದ್ದು ಶನಿವಾರ ಮಧ್ಯಾಹ್ನ. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಇವರು ಚಾವಡಿಯಲ್ಲಿ ಎತ್ತಿದರು. ಕಿವಿ ಕೇಳದವರ ಜೊತೆ ಮಾತಾಡಿ ಮಾತಾಡಿ ಇವರು ಫೋನಿನಲ್ಲಿ ಮಾತಾಡುವುದು ಯಾವಾಗಲೂ ಜೋರು, ಬಿಡಿಸಿ ಬಿಡಿಸಿ. ಹೌದು, ಪುತ್ತೂರಿನ ಅಂಗಡಿಯಾ, ಹೇಳಿ, ಅಂದರು. ನನ್ನ ಕೈ ನಿಂತಿತು. ಸೌಮ್ಯನಿಗೆ ನಾನು ಒಂದು ಮಾತು ಹೇಳಿ ಇಟ್ಟಿದ್ದೆ, ಕಡೆಯ ದಿನಕ್ಕೆ ಮೊದಲು ನೀನೇ ಒಮ್ಮೆ ಇವರಿಗೆ ಮಾಡಿ ನೋಡು ಅಂತ. ಅವಳು ಮಾಡಿದ್ದಳು.

ಆ ಕಡೆಯಿಂದ ಅವಳು ತನ್ನ ಪಟ್ಟಿಯನ್ನು ಪುನಃ ಶುರುಮಾಡಿದಳು ಅಂತ ಕಾಣುತ್ತದೆ, ಯಾಕೆಂದರೆ ಇವರು ಒಂದೊಂದನ್ನೇ ತಿರುಗಿ ಹೇಳತೊಡಗಿದರು. ಬಿದ್ದರೆ, ಹೌದಾ. ನೀರು ಹೋದರೆ, ಸರಿ. ಸುಟ್ಟುಹೋದರೆ ಸಹವಾ. ನಾನು ಒಳಗೆ ನಿಂತು, ತುರಿಮಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಪ್ರತಿಯೊಂದಕ್ಕೂ ಇವರ ಪರವಾಗಿ ತುಟಿಯಲ್ಲೇ ಬಿಡ್ತು ಅಂದೆ. ಪಟ್ಟಿ ಮುಗಿಯಿತು. ಆ ಕಡೆ ಅವಳು ಏನೋ ಕೇಳುತ್ತಿದ್ದಳು. ಏನು ಅಂತ ನನಗೆ ಗೊತ್ತಿತ್ತು, ಮೂರು ವರ್ಷ ಉಪಯೋಗಿಸುವವರು ಯಾರು ಅಂತ. ಉತ್ತರ ಬರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿ ನೋಡಿದೆ. ಇವರು ಗೋಡೆ ನೋಡುತ್ತಾ ನಿಂತಿದ್ದರು, ಒಂದು ಕೈ ಎದೆಯ ಮೇಲೆ. ನನ್ನ ಜೀವವೇ ಹಾರಿಹೋಯಿತು. ನೋಡಿದರೆ ಅಂಗಿಯ ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದರು.

"ನಾನೇ," ಅಂದರು. ಆ ಕಡೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ಪುನಃ ಕೇಳಿದಳು ಅಂತ ಕಾಣುತ್ತದೆ. "ನಾನೇ ಮಾರಾಯ್ತಿ. ಮೂರು ವರ್ಷ ಸಹ ನಾನೇ. ನನ್ನ ಹೆಸರೇ ಬರೀರಿ," ಅಂದರು, ಇಡೀ ಕೇರಿಗೆ ಕೇಳುವ ಹಾಗೆ.

ಆಮೇಲೆ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. ಮೆಸೇಜು ಬಂದಿದೆಯಂತೆ, ನಂಬರ್ ಹೇಳಬೇಕಂತೆ, ಕನ್ನಡಕ ಎಲ್ಲಿಟ್ಟೆನೋ, ನೀನೇ ಓದು, ಅಂತ ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದರು. ಯಾರಿಗೂ ಹೇಳಬೇಡಿ ಅಂತ ನಂಬರಿನ ಕೆಳಗೇ ಬರೆದಿತ್ತು. ಬೇರೆ ದಿನವಾದರೆ ನಾನು ಅದಕ್ಕೊಂದು ಗಲಾಟೆ ಮಾಡುತ್ತಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಓದಲು ಹೊರಟೆ. ಎರಡು ಅಂಕೆ ಹೇಳಿದೆ, ಮೂರನೆಯದು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಫೋನಿನಲ್ಲಿ ಸೌಮ್ಯ ಹಲೋ ಹಲೋ ಅನ್ನುತ್ತಿದ್ದಳು.

ಇವರು ನನ್ನ ಮುಖ ನೋಡಿದರು, ಎಂತಕ್ಕೆ ಅಂತ ಕೇಳಲಿಲ್ಲ. ಕಡಬದ ಅಜ್ಜಿಯ ಹತ್ತಿರ ಮಾತಾಡಿದ ಹಾಗೆ ಬಿಡಿಸಿ ಬಿಡಿಸಿ, "ನಿಧಾನ ಹೇಳು ಹೇಮಾ," ಅಂದರು. "ಅವಸರ ಎಂತ ಉಂಟು ನಮಗೆ?"